ಬೆಂಡೆಕಾಯಿಯ ಲೋಳೆ, ರಕ್ತದ ಕೊಬ್ಬು

ಸಕ್ಕರೆ ಕಾಯಿಲೆಯವರು ಇವತ್ತು ಮಾತುಮಾತಿಗೂ ಎತ್ತುವ ‘ಗ್ಲೈಸೆಮಿಕ್ ಇಂಡೆಕ್ಸ್’ ಎಂಬ ಅಳತೆಯನ್ನು 1981ರಲ್ಲಿ ಬಳಕೆಗೆ ತಂದದ್ದು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಅವರ ತಂಡ. ಅದೇ ಜೆಂಕಿನ್ಸ್ 2003ರಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೊಲೆಸ್ಟ್ರಾಲ್ ಹೆಚ್ಚಿದ್ದ 46 ಮಂದಿಯನ್ನು ಮೂರು ಗುಂಪು ಮಾಡಿ ನಾಲ್ಕು ವಾರ ನೋಡಿದ ಪ್ರಯೋಗ ಅದು. ಮೊದಲ ಗುಂಪಿಗೆ ಜಿಡ್ಡು ಕಡಿಮೆ ಮಾಡಿದ ಸಾಧಾರಣ ಪಥ್ಯದ ಊಟ. ಎರಡನೆಯದಕ್ಕೆ ಅದೇ ಊಟದ ಜೊತೆ, ಕೊಲೆಸ್ಟ್ರಾಲ್ ಇಳಿಸುವ ಲೊವಾಸ್ಟಾಟಿನ್ ಮಾತ್ರೆ ದಿನಕ್ಕೊಂದು. ಮೂರನೆಯ ಗುಂಪಿನ ತಟ್ಟೆಯಲ್ಲಿ ಇದ್ದದ್ದು ಓಟ್ಸ್, ಬಾರ್ಲಿ, ಇಸಬ್ಗೋಲ್, ಸೋಯಾ, ಬಾದಾಮಿ, ಸಸ್ಯಜನ್ಯ ಸ್ಟೆರಾಲ್ ಬೆರೆಸಿದ ಮಾರ್ಗರಿನ್. ಇವುಗಳ ಜೊತೆಗೆ ನಮ್ಮ ಸಂತೆಯಲ್ಲಿ ಬುಟ್ಟಿಗಟ್ಟಲೆ ಸಿಗುವ ಎರಡು ತರಕಾರಿ, ಬೆಂಡೆಕಾಯಿ ಮತ್ತು ಬದನೆಕಾಯಿ.

ನಾಲ್ಕು ವಾರ ಕಳೆದ ಮೇಲೆ ಪಥ್ಯದ ಗುಂಪಿನಲ್ಲಿ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಶೇ 8ರಷ್ಟು ಇಳಿದಿತ್ತು. ಮಾತ್ರೆಯ ಗುಂಪಿನಲ್ಲಿ ಶೇ 30.9. ಬೆಂಡೆ-ಬದನೆ-ಬಾರ್ಲಿಯ ಗುಂಪಿನಲ್ಲಿ ಶೇ 28.6.

ಊಟ ಮಾತ್ರೆಯ ಹತ್ತಿರ ಹತ್ತಿರ ಬಂದು ನಿಂತ ಈ ಅಂಕಿಯನ್ನು ಇಷ್ಟಕ್ಕೇ ನಿಲ್ಲಿಸಿ ಹೇಳಿದರೆ ಓದುಗರಿಗೆ ಅನ್ಯಾಯವಾದೀತು. ಆ ಪ್ರಯೋಗದಲ್ಲಿ ಊಟವನ್ನು ಅಳೆದು ತೂಗಿ ಕೊಡಲಾಗಿತ್ತು. ತಿಂದವರು ಒಂದು ತುತ್ತನ್ನೂ ತಪ್ಪಿಸಿರಲಿಲ್ಲ ಎನ್ನಬಹುದು. ಮನೆಮಂದಿಯ ನಡುವೆ, ಹಬ್ಬ ಮದುವೆಗಳ ನಡುವೆ ಇದು ಎಷ್ಟು ನಡೆದೀತು? ಜೆಂಕಿನ್ಸ್ ತಂಡವೇ ಅದನ್ನೂ ನೋಡಿತು. ಸಲಹೆಯನ್ನಷ್ಟೇ ಕೊಟ್ಟು, ಅಡುಗೆಯನ್ನು ಜನರಿಗೇ ಬಿಟ್ಟು, 351 ಮಂದಿಯನ್ನು ಆರು ತಿಂಗಳು ಗಮನಿಸಿತು. 2011ರಲ್ಲಿ ಬಂದ ಆ ಫಲಿತಾಂಶದಲ್ಲಿ ಇಳಿಕೆ ಶೇ 13ರಿಂದ 14. ಅಡುಗೆಮನೆಯ ನಿಜವಾದ ಶಕ್ತಿ ಈ ಎರಡು ಅಂಕಿಗಳ ನಡುವೆ ಎಲ್ಲೋ ಇದೆ. ಅದು ಸಣ್ಣದೇನಲ್ಲ, ಆದರೆ ಅದಕ್ಕೊಂದು ಮಿತಿಯುಂಟು. ಆ ಮಿತಿ ಎಲ್ಲಿ, ಯಾಕೆ ಎಂದು ತಿಳಿಯದೆ ಇರುವುದರಿಂದಲೇ ಒಬ್ಬರು ಮೊಟ್ಟೆಗೆ ಹೆದರುತ್ತಾರೆ, ಇನ್ನೊಬ್ಬರು ವೈದ್ಯರು ಬರೆದ ಮಾತ್ರೆ ಬಿಟ್ಟು ಬೆಳ್ಳುಳ್ಳಿ ಅಗಿಯುತ್ತಾರೆ.

ಕೊಲೆಸ್ಟ್ರಾಲ್ ವಿಷವಲ್ಲ. ಅದಿಲ್ಲದೆ ದೇಹದ ಒಂದು ಜೀವಕೋಶವೂ ಕಟ್ಟಿಕೊಳ್ಳಲಾರದು. ವಿಟಮಿನ್ ಡಿ, ಗಂಡು ಹೆಣ್ಣಿನ ಲೈಂಗಿಕ ಹಾರ್ಮೋನುಗಳು, ಒತ್ತಡದ ಹೊತ್ತಿಗೆ ಬೇಕಾಗುವ ಕಾರ್ಟಿಸಾಲ್, ಉಂಡ ಜಿಡ್ಡನ್ನು ಕರಗಿಸುವ ಪಿತ್ತರಸ, ಎಲ್ಲಕ್ಕೂ ಅದೇ ಮೂಲದ್ರವ್ಯ. ಇಷ್ಟು ಮುಖ್ಯವಾದದ್ದನ್ನು ದೇಹ ಊಟಕ್ಕೆ ಬಿಟ್ಟುಕೊಟ್ಟಿಲ್ಲ. ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಮುಕ್ಕಾಲು ಪಾಲನ್ನು ದೇಹವೇ, ಮುಖ್ಯವಾಗಿ ಲಿವರ್, ತಯಾರಿಸಿಕೊಳ್ಳುತ್ತದೆ. ಕಾಲು ಪಾಲಷ್ಟೇ ಊಟದಿಂದ ಬರುವುದು. ಅಪ್ಪಟ ಸಸ್ಯಾಹಾರಿಯ ರಕ್ತದಲ್ಲೂ ಕೊಲೆಸ್ಟ್ರಾಲ್ ಏರುವುದಕ್ಕೆ ಕಾರಣ ಇದೇ. ‘ನಾವು ಮೊಟ್ಟೆಯನ್ನೂ ಮುಟ್ಟಿದವರಲ್ಲ, ನಮಗೆ ಹೇಗೆ ಬಂತು’ ಎಂದು ಕ್ಲಿನಿಕ್ಕುಗಳಲ್ಲಿ ಕೇಳುವವರಿಗೆ ಉತ್ತರವೂ ಇದೇ.

ಕೊಬ್ಬು ನೀರಿನಲ್ಲಿ ಕರಗದು, ರಕ್ತವೋ ಬಹುಪಾಲು ನೀರು. ಹೀಗಾಗಿ ಕೊಲೆಸ್ಟ್ರಾಲ್ ಪ್ರೋಟೀನಿನ ಕಣಗಳೊಳಗೆ ಕೂತು ಸಂಚರಿಸುತ್ತದೆ. ಎಲ್‌ಡಿಎಲ್ ಅಂಥ ಒಂದು ಕಣ. ಅದರ ಸಂಖ್ಯೆ ವರ್ಷಾನುಗಟ್ಟಲೆ ಹೆಚ್ಚೇ ಇದ್ದರೆ ಅದು ರಕ್ತನಾಳದ ಗೋಡೆಯ ಒಳಕ್ಕೇ ನುಸುಳಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅದು ಕೆಡುತ್ತದೆ. ಬಿಳಿ ರಕ್ತಕಣಗಳು ಬಂದು ಅದನ್ನು ನುಂಗುತ್ತವೆ, ನುಂಗಿ ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ. ಈ ರಾಶಿಯ ಮೇಲೊಂದು ತೆಳು ಪೊರೆ ಬೆಳೆಯುತ್ತದೆ. ಇಷ್ಟೆಲ್ಲ ನಡೆಯುವಾಗ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ, ನೋವಿಲ್ಲ, ಸುಸ್ತಿಲ್ಲ. ಒಂದು ದಿನ ಆ ಪೊರೆ ಹರಿದು, ಹರಿದಲ್ಲಿ ರಕ್ತ ಹೆಪ್ಪುಗಟ್ಟಿ, ಹೃದಯದ ಸ್ನಾಯುವಿಗೆ ಹೋಗುವ ರಕ್ತ ನಿಲ್ಲುತ್ತದೆ. ಹೃದಯಾಘಾತ ಎಂದು ನಾವು ಕರೆಯುವುದು ಬಹುಮಟ್ಟಿಗೆ ಇದನ್ನೇ.

ಲಿವರ್‌ನ ಪಾತ್ರ ಎಷ್ಟು ದೊಡ್ಡದು ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಅಮೆರಿಕದ ಟೆಕ್ಸಾಸಿನ ಒಬ್ಬ ಹುಡುಗಿ, ಸ್ಟಾರ್ಮಿ ಜೋನ್ಸ್. ಆರು ವರ್ಷದ ಆ ಮಗುವಿನ ರಕ್ತದಲ್ಲಿ ಕೊಲೆಸ್ಟ್ರಾಲ್ ಸಾವಿರದ ಗಡಿ ದಾಟಿತ್ತು; ಇನ್ನೂರರೊಳಗೆ ಇರಬೇಕಾದದ್ದು ಅದು. ಆಗಲೇ ಹೃದಯಾಘಾತವಾಗಿತ್ತು. ಅವಳ ಕಾಯಿಲೆಗೆ ಊಟದ ತಪ್ಪೇನೂ ಇರಲಿಲ್ಲ. ಅದೇ ಟೆಕ್ಸಾಸಿನ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ಇಬ್ಬರು ವೈದ್ಯ ವಿಜ್ಞಾನಿಗಳು ಅಂಥ ಮಕ್ಕಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು. ಲಿವರ್‌ನ ಜೀವಕೋಶಗಳ ಮೈಮೇಲೆ ಎಲ್‌ಡಿಎಲ್ ಕಣವನ್ನು ಗುರುತಿಸಿ ಒಳಗೆಳೆದುಕೊಳ್ಳುವ ಬಾಗಿಲುಗಳಿವೆ ಎಂದು ಅವರು ಕಂಡುಕೊಂಡರು. ಈ ಮಕ್ಕಳಲ್ಲಿ, ತಂದೆ ತಾಯಿ ಇಬ್ಬರಿಂದಲೂ ಬಂದ ವಂಶವಾಹಿ ದೋಷದಿಂದ, ಆ ಬಾಗಿಲೇ ಇರಲಿಲ್ಲ, ಅಥವಾ ಇದ್ದರೂ ತೆರೆಯುತ್ತಿರಲಿಲ್ಲ. 1984ರ ಫೆಬ್ರುವರಿ 14ರಂದು ಪಿಟ್ಸ್‌ಬರ್ಗ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ತಂಡ ಸ್ಟಾರ್ಮಿಗೆ ಹೃದಯ ಮತ್ತು ಲಿವರ್ ಎರಡನ್ನೂ ಒಟ್ಟಿಗೇ ಕಸಿ ಮಾಡಿತು. ಹೊಸ ಲಿವರ್ ಬಂದ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಸುಮಾರು ಶೇ 80ರಷ್ಟು ಕುಸಿಯಿತು. ಮುಂದಿನ ವರ್ಷ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ ನೊಬೆಲ್ ಬಂತು. ಸ್ಟಾರ್ಮಿ 1990ರಲ್ಲಿ, ಹದಿಮೂರರ ವಯಸ್ಸಿನಲ್ಲಿ ತೀರಿಕೊಂಡಳು.

ಈ ಬಾಗಿಲನ್ನು ನೆನಪಿಟ್ಟುಕೊಂಡರೆ ಊಟದ ವಿಚಾರದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ತಟ್ಟೆಯಲ್ಲಿ ಎಷ್ಟು ಕೊಲೆಸ್ಟ್ರಾಲ್ ಇದೆ ಎನ್ನುವುದಕ್ಕಿಂತ, ತಟ್ಟೆಯಲ್ಲಿರುವುದು ಲಿವರ್‌ನ ಬಾಗಿಲುಗಳನ್ನು ಹೆಚ್ಚಿಸುತ್ತದೋ ತಗ್ಗಿಸುತ್ತದೋ ಎನ್ನುವುದೇ ದೊಡ್ಡ ಪ್ರಶ್ನೆ. ಸ್ಯಾಚುರೇಟೆಡ್ ಕೊಬ್ಬು ಅವನ್ನು ತಗ್ಗಿಸುತ್ತದೆ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 190 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದ್ದರೂ ಅಂಥ ಕೊಬ್ಬು ಕಡಿಮೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎಂಬ ಹಳೆಯ ಲೆಕ್ಕವನ್ನು ಅಮೆರಿಕದ ಆಹಾರ ಮಾರ್ಗಸೂಚಿ 2015ರ ಆವೃತ್ತಿಯಲ್ಲಿ ಕೈಬಿಟ್ಟದ್ದಕ್ಕೆ ಹಿನ್ನೆಲೆ ಇದು. ಬೇಯಿಸಿದ ಒಂದು ಮೊಟ್ಟೆ ಬಹುತೇಕರಿಗೆ ತೊಂದರೆಯಲ್ಲ. ಡಾಲ್ಡಾದಲ್ಲಿ ಪದರ ಬಿಡಿಸಿ ಬೇಯಿಸಿದ ಎಗ್ ಪಫ್ಸಿನಲ್ಲಿ ಮೊಟ್ಟೆಗಿಂತ ಅದರ ಸುತ್ತಲಿನ ಹೊದಿಕೆಯೇ ಅಪಾಯ.

ಇನ್ನು ಎಣ್ಣೆ. ತುಪ್ಪದಲ್ಲಿ ಸ್ಯಾಚುರೇಟೆಡ್ ಕೊಬ್ಬು ಶೇ 60ಕ್ಕೂ ಹೆಚ್ಚು. ತೆಂಗಿನೆಣ್ಣೆಯಲ್ಲಿ ಶೇ 90ರ ಹತ್ತಿರ. ಹೋಟೆಲು, ಬೇಕರಿ, ಚಿಪ್ಸ್ ಅಂಗಡಿಗಳ ಬಾಣಲೆ ತುಂಬುವ ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ. ಶೇಂಗಾ ಎಣ್ಣೆಯಲ್ಲಿ ಐದರಲ್ಲೊಂದು ಪಾಲಿನಷ್ಟು, ಸೂರ್ಯಕಾಂತಿಯಲ್ಲಿ ಹತ್ತರಲ್ಲೊಂದು. ಶೇಂಗಾ ಎಣ್ಣೆಯ ಡಬ್ಬಿಯ ಮೇಲೆ ‘ಕೊಲೆಸ್ಟ್ರಾಲ್ ರಹಿತ’ ಎಂದು ದಪ್ಪಕ್ಷರದಲ್ಲಿ ಬರೆಯುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ಯಾವ ಗಿಡದ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ತೆಂಗಿನೆಣ್ಣೆಯ ಮಾತೆತ್ತಿದರೆ ಕರಾವಳಿಯವರಿಗೆ ನೋವಾಗುವುದು ಸಹಜ. ಅದರ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2020ರಲ್ಲಿ ಬಂದ ವಿಶ್ಲೇಷಣೆಯೊಂದು, ಉಳಿದ ಸಸ್ಯಜನ್ಯ ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್‌ಡಿಎಲ್ ಅನ್ನು ಸುಮಾರು 10 ಮಿಲಿಗ್ರಾಂ ಏರಿಸುತ್ತದೆ ಎಂದು ತೋರಿಸಿತು. ಮೀನು ಸಾರಿಗೆ ಅರೆಯುವ ತೆಂಗಿನಕಾಯಿಯಲ್ಲಿ ನಾರೂ ಇರುತ್ತದೆ. ಅದಕ್ಕೂ ಚಮಚಗಟ್ಟಲೆ ಸುರಿಯುವ ಎಣ್ಣೆಗೂ ಒಂದೇ ತೂಕ ಹಾಕಬೇಕಿಲ್ಲ. ಆದರೆ ತೆಂಗಿನೆಣ್ಣೆಯನ್ನು ಹೃದಯದ ಔಷಧಿ ಎಂದು ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಸುವ ವಿಡಿಯೊಗಳು ಮಾಡುತ್ತಿರುವುದು ಕೇಡು.

ಎಲ್ಲಕ್ಕಿಂತ ಕೆಟ್ಟದ್ದು ಟ್ರಾನ್ಸ್ ಕೊಬ್ಬು. ಸಸ್ಯಜನ್ಯ ಎಣ್ಣೆಯನ್ನು ಅರ್ಧಂಬರ್ಧ ಗಟ್ಟಿಯಾಗಿಸಿ ವನಸ್ಪತಿ ಮಾಡುವಾಗ ಹುಟ್ಟುವ ಇದು ಎಲ್‌ಡಿಎಲ್ ಏರಿಸುವುದಷ್ಟೇ ಅಲ್ಲ, ಒಳ್ಳೆಯ ಎಚ್‌ಡಿಎಲ್ ಅನ್ನೂ ಇಳಿಸುತ್ತದೆ. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಇದು ಶೇ 2ನ್ನು ಮೀರುವಂತಿಲ್ಲ. ಕಾನೂನು ಒಳ್ಳೆಯದೇ, ಆದರೆ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಬಜ್ಜಿ ಗಾಡಿಯ ಬಾಣಲೆಯನ್ನು ಅದು ಮುಟ್ಟುವುದು ಕಷ್ಟ.

ಲಿವರ್‌ನ ಬಾಗಿಲು ತಗ್ಗಿಸುವ ಕೊಬ್ಬಿನ ಮಾತಾಯಿತು, ಇನ್ನು ಅದನ್ನು ಹೆಚ್ಚಿಸುವ ಊಟ. ಬೆಂಡೆಕಾಯಿಯ ಕೆಲಸ ಸೊಗಸಾದದ್ದು. ಹೆಚ್ಚುವಾಗ ಚಾಕುವಿಗೂ ಬೆರಳಿಗೂ ಅಂಟುವ ಲೋಳೆ ಇದೆಯಲ್ಲ, ಹೊಸದಾಗಿ ಅಡುಗೆ ಕಲಿಯುವವರು ಬೇಸರಪಟ್ಟುಕೊಂಡು ಹುಣಸೆಹುಳಿ ಹಾಕಿ ಹೋಗಲಾಡಿಸಲು ನೋಡುವುದು, ಅದು ಕರಗುವ ನಾರು. ಓಟ್ಸಿನ ಗಂಜಿ ತಣ್ಣಗಾದಾಗ ಗಟ್ಟಿಯಾಗುವುದೂ, ಇಸಬ್ಗೋಲ್ ನೀರಿನಲ್ಲಿ ಉಬ್ಬುವುದೂ, ನೆನೆಸಿಟ್ಟ ಮೆಂತ್ಯದ ಸುತ್ತ ಪೊರೆ ಕಟ್ಟುವುದೂ ಇಂಥದೇ ನಾರಿನಿಂದ. ಕರುಳಿನೊಳಗೆ ಇದು ಪಿತ್ತರಸವನ್ನು ಹಿಡಿದುಕೊಂಡು ಮಲದೊಂದಿಗೆ ಹೊರಹಾಕುತ್ತದೆ. ಸಾಮಾನ್ಯವಾಗಿ ಪಿತ್ತರಸದ ಬಹುಪಾಲು ಮತ್ತೆ ಲಿವರ್‌ಗೆ ಮರಳಿ ಮರುಬಳಕೆಯಾಗುತ್ತದೆ. ಮರಳುವುದು ಕಡಿಮೆಯಾದರೆ ಲಿವರ್ ಹೊಸದನ್ನು ಮಾಡಬೇಕು, ಅದಕ್ಕೆ ಕೊಲೆಸ್ಟ್ರಾಲ್ ಬೇಕು. ಆಗ ಅದು ಇನ್ನಷ್ಟು ಬಾಗಿಲು ತೆರೆದು ರಕ್ತದಿಂದ ಎಲ್‌ಡಿಎಲ್ ಅನ್ನು ಒಳಗೆಳೆದುಕೊಳ್ಳುತ್ತದೆ. ಇಲ್ಲಿ ಪವಾಡವೇನೂ ಇಲ್ಲ, ಲೆಕ್ಕ ಚೊಕ್ಕವಾಗಿದೆ. ಓಟ್ಸ್ ಅಥವಾ ಬಾರ್ಲಿಯಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋದರೆ ಎಲ್‌ಡಿಎಲ್ ಶೇ 5ರಿಂದ 7ರಷ್ಟು ಇಳಿಯುತ್ತದೆ. ಸುಮಾರು 75 ಗ್ರಾಂ ಓಟ್ಸಿನಲ್ಲಿ ಅಷ್ಟು ಸಿಗುತ್ತದೆ. ದಿನಕ್ಕೆ 10 ಗ್ರಾಂ ಇಸಬ್ಗೋಲಿನಿಂದಲೂ ಹೆಚ್ಚುಕಡಿಮೆ ಅಷ್ಟೇ ಲಾಭ. ಕುಡಿಯುವಾಗ ನೀರು ಧಾರಾಳವಾಗಿರಬೇಕು, ಬೇರೆ ಮಾತ್ರೆಗಳಿಗೂ ಇದಕ್ಕೂ ನಡುವೆ ಒಂದೆರಡು ಗಂಟೆ ಬಿಡಬೇಕು. ಒಂದು ಹಿಡಿ ಬಾದಾಮಿಯೋ ಹುರಿದ ಶೇಂಗಾವೋ ಇನ್ನೊಂದಿಷ್ಟು ಇಳಿಸುತ್ತದೆ. ಹುರುಳಿ, ಅವರೆ, ಅಲಸಂದೆ, ಕಡಲೆಕಾಳು ಮತ್ತೊಂದಿಷ್ಟು.

ಓಟ್ಸ್ ದುಬಾರಿ, ಒಗ್ಗದು ಎನ್ನುವವರು ಬೇಸರಪಡಬೇಕಿಲ್ಲ. ಸಿರಿಧಾನ್ಯಗಳ ಬಗ್ಗೆ ನಡೆದ 19 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಹೈದರಾಬಾದಿನ ಇಕ್ರಿಸಾಟ್ ಸಂಸ್ಥೆಯ ತಂಡ 2021ರಲ್ಲಿ ಒಟ್ಟು ಕೊಲೆಸ್ಟ್ರಾಲ್ ಶೇ 8ರಷ್ಟು ಇಳಿದದ್ದನ್ನು ವರದಿ ಮಾಡಿತು. ರಾಗಿ ಮುದ್ದೆಗೆ ಹುರುಳಿ ಬಸ್ಸಾರು, ಜೋಳದ ರೊಟ್ಟಿಗೆ ಬದನೆಕಾಯಿ ಪಲ್ಯ, ಪಕ್ಕದಲ್ಲಿ ಅಗಸಿ ಚಟ್ನಿ. ಜೆಂಕಿನ್ಸ್ ಪಟ್ಟಿಯ ಗುಣ ಬಹಳಷ್ಟು ಈ ತಟ್ಟೆಗಳಲ್ಲಿ ಮೊದಲೇ ಇತ್ತು. ಎಣ್ಣೆಗಾಯಿಯಲ್ಲಿ ಎಣ್ಣೆ ತೇಲಬೇಕೆಂಬ ಹಟ ಬಿಟ್ಟರೆ ಸಾಕು.

ಆದರೆ ನಮ್ಮವರ ಲಿಪಿಡ್ ಪ್ರೊಫೈಲ್ ವರದಿಯ ಚಹರೆಯೇ ಬೇರೆ. ದೇಶದ ಎಲ್ಲ ರಾಜ್ಯಗಳನ್ನೂ ಒಳಗೊಂಡು ಐಸಿಎಂಆರ್ ನಡೆಸಿದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 81.2 ಮಂದಿಯ ರಕ್ತದ ಕೊಬ್ಬಿನಲ್ಲಿ ಒಂದಲ್ಲ ಒಂದು ಏರುಪೇರಿದೆ. ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿರುವವರು ಶೇ 24. ಉಳಿದ ಬಹಳ ಮಂದಿಯದು ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಬಗೆಯ ಕೊಬ್ಬು ಹೆಚ್ಚು ಎಂಬ ತೊಂದರೆ. ಟ್ರೈಗ್ಲಿಸರೈಡ್ ಏರುವುದು ಜಿಡ್ಡಿಗಿಂತ ಹೆಚ್ಚಾಗಿ ಮೂರು ಹೊತ್ತಿನ ಅನ್ನ, ಮೈದಾ, ಸಕ್ಕರೆ, ಮದ್ಯ ಮತ್ತು ಬೆಳೆಯುತ್ತಿರುವ ಹೊಟ್ಟೆಯಿಂದ. ಎಣ್ಣೆ ಪೂರ್ತಿ ಬಿಟ್ಟು, ಆ ಜಾಗಕ್ಕೆ ಇನ್ನೊಂದು ಹಿಡಿ ಅನ್ನ ಬಡಿಸಿಕೊಳ್ಳುವವರಿಗೆ ವರದಿ ಸುಧಾರಿಸದೆ ಇರುವುದು ಈ ಕಾರಣಕ್ಕೆ. ಇಲ್ಲಿ ನಡಿಗೆ ಬಹಳ ಕೆಲಸ ಮಾಡುತ್ತದೆ. ವೇಗದ ನಡಿಗೆ ಎಲ್‌ಡಿಎಲ್ ಅನ್ನು ಇಳಿಸುವುದು ಅಲ್ಪವೇ, ಆದರೆ ಟ್ರೈಗ್ಲಿಸರೈಡ್ ಅನ್ನು ಚೆನ್ನಾಗಿ ಇಳಿಸುತ್ತದೆ. ಬೀಡಿ ಸಿಗರೇಟು ಬಿಟ್ಟವರ ಎಚ್‌ಡಿಎಲ್ ತಾನಾಗಿ ಚೇತರಿಸಿಕೊಳ್ಳುತ್ತದೆ.

ಹೃದಯಾಘಾತದ ಕಾರಣಗಳನ್ನು 52 ದೇಶಗಳಲ್ಲಿ ಹುಡುಕಿದ ‘ಇಂಟರ್‌ಹಾರ್ಟ್’ ಅಧ್ಯಯನದ ಮುಂದಾಳು ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. 2004ರಲ್ಲಿ ಬಂದ ಆ ಅಧ್ಯಯನದಲ್ಲಿ ರಕ್ತದ ಕೊಬ್ಬಿನ ಏರುಪೇರು ಮತ್ತು ಧೂಮಪಾನ ಮೊದಲೆರಡು ಸ್ಥಾನದಲ್ಲಿದ್ದವು. ಅದೇ ಮಾಹಿತಿಯಿಂದ ಹೊರಬಿದ್ದ ಇನ್ನೊಂದು ಸಂಗತಿ ನಮ್ಮನ್ನು ಕಲಕಬೇಕು. ಮೊದಲ ಹೃದಯಾಘಾತ ಬೇರೆ ದೇಶಗಳವರಿಗೆ 59ರ ಆಸುಪಾಸಿನಲ್ಲಿ ಆಗುತ್ತಿದ್ದರೆ, ದಕ್ಷಿಣ ಏಷ್ಯಾದವರಿಗೆ 53ಕ್ಕೇ ಆಗುತ್ತಿತ್ತು.

ಒಂದು ಇಡೀ ಪ್ರಾಂತ್ಯ ಇದನ್ನು ಎದುರಿಸಿದ ಉದಾಹರಣೆ ಫಿನ್ಲೆಂಡಿನ ಉತ್ತರ ಕರೇಲಿಯ. 1960ರ ದಶಕದಲ್ಲಿ ಆ ಸೀಮೆಯ ಗಂಡಸರು ಹೃದಯಾಘಾತದಿಂದ ಸಾಯುತ್ತಿದ್ದ ಪ್ರಮಾಣ ಜಗತ್ತಿನಲ್ಲೇ ಹೆಚ್ಚು. ಕಾಡು ಕಡಿಯುವ, ಹಸು ಸಾಕುವ ಗಟ್ಟಿಗರು ಅವರು. ಮೈಮುರಿದು ದುಡಿಯುವವರಿಗೆ ಈ ಕಾಯಿಲೆ ಬರದು ಎಂಬ ನಂಬಿಕೆಗೆ ಅವರೇ ಉತ್ತರ. ಬ್ರೆಡ್ಡಿಗೆ ದಪ್ಪ ಬೆಣ್ಣೆ, ಕೆನೆ ತೆಗೆಯದ ಹಾಲು, ಉಪ್ಪು ಹಚ್ಚಿದ ಮಾಂಸ, ಜೊತೆಗೆ ಸಿಗರೇಟು. ಜನರೇ ಸರ್ಕಾರಕ್ಕೆ ಮನವಿ ಕೊಟ್ಟ ಮೇಲೆ 1972ರಲ್ಲಿ ಯೋಜನೆಯೊಂದು ಶುರುವಾಯಿತು. ಅದರ ಹೊಣೆ ಹೊತ್ತದ್ದು ಇನ್ನೂ ಮೂವತ್ತು ತುಂಬದ ವೈದ್ಯ ಪೆಕ್ಕಾ ಪುಸ್ಕಾ. ಅವರು ಆಸ್ಪತ್ರೆ ಕಟ್ಟಲಿಲ್ಲ. ‘ಮಾರ್ಥಾ’ ಎಂಬ ಗೃಹಿಣಿಯರ ಸಂಘದ ಜೊತೆ ಸೇರಿ ಹಳ್ಳಿ ಹಳ್ಳಿಯಲ್ಲಿ ಊಟದ ಕೂಟ ಮಾಡಿಸಿದರು, ಹಳೆಯ ಅಡುಗೆಗಳಲ್ಲೇ ಕೊಬ್ಬು ಇಳಿಸಿ ತರಕಾರಿ ಏರಿಸಿದರು. ಕೊಲೆಸ್ಟ್ರಾಲ್ ಇಳಿಸಲು ಊರೂರಿಗೆ ಪೈಪೋಟಿ ಇಟ್ಟರು. ಹಾಲಿನ ರೈತರಿಗೆ ಹೊಡೆತ ಬೀಳದಂತೆ ಬೆರ್ರಿ ಹಣ್ಣಿನ ಬೆಳೆಗೆ ಬೆಂಬಲ ಕೊಡಿಸಿದರು. ಕೆಲವು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯಾಘಾತದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು. ಒಬ್ಬೊಬ್ಬರ ಮನೋಬಲಕ್ಕೆ ಬಿಡದೆ ಊರಿನ ಅಡುಗೆಯನ್ನೇ ಬದಲಿಸಿದ್ದು ಈ ಕಥೆಯ ತಿರುಳು. ಸ್ತ್ರೀಶಕ್ತಿ ಸಂಘಗಳು, ಹಾಲಿನ ಡೇರಿಗಳು ಹಳ್ಳಿಹಳ್ಳಿಯಲ್ಲಿರುವ ನಮ್ಮ ರಾಜ್ಯಕ್ಕೆ ಇದು ಆಗದ ಕೆಲಸವೇನಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿ ಮಾರುವ ಪುಡಿ, ಕ್ಯಾಪ್ಸೂಲುಗಳ ಮಾತು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಸುಮಾರು 190 ಮಂದಿಯ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯಜನ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ ಈ ಆರರ ಮಾತ್ರೆಗಳನ್ನು ಕಡಿಮೆ ಡೋಸಿನ ರೋಸುವಾಸ್ಟಾಟಿನ್ ಜೊತೆಗೆ, ಔಷಧಿಯಿಲ್ಲದ ಖಾಲಿ ಮಾತ್ರೆಯ ಜೊತೆಗೂ ಹೋಲಿಸಿ ನೋಡಲಾಯಿತು. 28 ದಿನದಲ್ಲಿ ರೋಸುವಾಸ್ಟಾಟಿನ್ ಎಲ್‌ಡಿಎಲ್ ಅನ್ನು ಸುಮಾರು ಶೇ 38ರಷ್ಟು ಇಳಿಸಿತು. ಉಳಿದ ಆರೂ ಖಾಲಿ ಮಾತ್ರೆಗಿಂತ ಗಣನೀಯವಾಗಿ ಹೆಚ್ಚೇನೂ ಮಾಡಲಿಲ್ಲ. ಬೆಳ್ಳುಳ್ಳಿ ಮಾತ್ರೆಯ ಗುಂಪಿನಲ್ಲಂತೂ ಎಲ್‌ಡಿಎಲ್ ತುಸು ಏರಿಯೇ ಇತ್ತು. ಒಗ್ಗರಣೆಗೆ ಬೆಳ್ಳುಳ್ಳಿ ಇರಲಿ, ರುಚಿಗೆ ಅದು ಬೇಕೇ ಬೇಕು. ಔಷಧಿಯ ಜಾಗದಲ್ಲಿ ಅದನ್ನು ಕೂರಿಸುವುದು ಬೇಡ.

ರೋಸುವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಮುಂತಾದ ಸ್ಟಾಟಿನ್‌ಗಳನ್ನು ‘ಕೆಮಿಕಲ್’ ಎಂದು ದೂರ ಇಡುವವರಿಗೆ ಅವುಗಳ ಹುಟ್ಟು ಗೊತ್ತಿರಬೇಕು. ಜಪಾನಿನ ರೈತ ಕುಟುಂಬದ ಅಕಿರಾ ಎಂಡೊ ಟೋಕಿಯೊದ ಔಷಧ ಕಂಪನಿಯೊಂದರಲ್ಲಿ 1971ರಿಂದ ಸುಮಾರು 6,000 ಬಗೆಯ ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೊನೆಗೆ ಕ್ಯೋಟೊದ ಧಾನ್ಯದಂಗಡಿಯ ಅಕ್ಕಿಯ ಮೇಲೆ ಬೆಳೆದಿದ್ದ ನೀಲಿಹಸಿರು ಬೂಷ್ಟಿನಲ್ಲಿ, ಲಿವರ್ ಕೊಲೆಸ್ಟ್ರಾಲ್ ಮಾಡುವುದನ್ನು ತಡೆಯುವ ವಸ್ತು ಸಿಕ್ಕಿತು. ಜಗತ್ತಿನ ಮೊದಲ ಸ್ಟಾಟಿನ್ ಅದು. 1994ರಲ್ಲಿ ಉತ್ತರ ಯುರೋಪಿನ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸ್ಟಾಟಿನ್ ತೆಗೆದುಕೊಂಡವರ ಸಾವಿನ ಪ್ರಮಾಣ ಶೇ 30ರಷ್ಟು ಕಡಿಮೆಯಾಯಿತು. ಎಂಡೊ 2024ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ಯಾರಿಗೆ ಊಟ ಸಾಕು, ಯಾರಿಗೆ ಮಾತ್ರೆಯೂ ಬೇಕು? ಒಮ್ಮೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಹೊಡೆದವರು ಅಡುಗೆಮನೆಯನ್ನೇ ನೆಚ್ಚಿ ಮಾತ್ರೆ ನಿಲ್ಲಿಸಬಾರದು. ಅಂಥವರ ಎಲ್‌ಡಿಎಲ್ 55ರ ಕೆಳಗಿರಬೇಕು ಎನ್ನುತ್ತದೆ ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿ. ಸಕ್ಕರೆ ಕಾಯಿಲೆ, ಬಿಪಿ ಇದ್ದು ಅಪಾಯ ಹೆಚ್ಚಿರುವವರಿಗೆ 70, ಉಳಿದವರಿಗೆ 100. ಎಲ್‌ಡಿಎಲ್ 190 ದಾಟಿದ್ದರೆ ವಂಶದ ದೋಷವಿರಬಹುದು, ಊಟವೊಂದರಿಂದ ಅದು ಹಿಡಿತಕ್ಕೆ ಸಿಗದು. 130-140ರ ಆಸುಪಾಸಿನಲ್ಲಿದ್ದು ಬೇರೆ ತೊಂದರೆ ಇಲ್ಲದವರಿಗೆ ಅಡುಗೆಮನೆ ತನ್ನ ಪೂರ್ತಿ ಬಲ ತೋರಿಸುತ್ತದೆ. ಊಟ ಬದಲಿಸಿ ಆರರಿಂದ ಹನ್ನೆರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರೆ ಫಲ ಕಾಣುತ್ತದೆ. ಜೊತೆಗೆ ಥೈರಾಯ್ಡ್ ಒಮ್ಮೆ ನೋಡಿಸುವುದು ಒಳ್ಳೆಯದು. ಥೈರಾಯ್ಡ್ ಕಡಿಮೆಯಾದಾಗಲೂ ಎಲ್‌ಡಿಎಲ್ ಏರುತ್ತದೆ, ಅದಕ್ಕೆ ಚಿಕಿತ್ಸೆಯಾದರೆ ತಾನಾಗಿ ಇಳಿಯುತ್ತದೆ.

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಚಿಕ್ಕ ವಯಸ್ಸಿನವರ ಹೃದಯಾಘಾತದ ಸುದ್ದಿ ಸಾಲುಸಾಲಾಗಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಜನ ನೆರೆದರು. ಆ ಭಯ ಅರ್ಥವಾಗುವಂಥದು. ಆದರೆ ಮೊದಲ ಲಿಪಿಡ್ ಪರೀಕ್ಷೆಗೆ ದೊಡ್ಡ ಆಸ್ಪತ್ರೆಯ ಸಾಲು ಬೇಕಿಲ್ಲ, ತಾಲ್ಲೂಕಿನ ಲ್ಯಾಬಿನಲ್ಲೂ ಅದು ಆಗುತ್ತದೆ. ಹೊಸ ಮಾರ್ಗಸೂಚಿಯ ಪ್ರಕಾರ 18 ತುಂಬಿದಾಗಲೇ ಒಮ್ಮೆ ಮಾಡಿಸಬೇಕು, ಖಾಲಿ ಹೊಟ್ಟೆಯಲ್ಲೇ ಇರಬೇಕೆಂದೂ ಇಲ್ಲ. ಜೀವಮಾನದಲ್ಲಿ ಒಂದು ಸಲ ಲೈಪೊಪ್ರೋಟೀನ್-ಎ ಎಂಬ ಪರೀಕ್ಷೆಯೂ ಬೇಕು. ಊಟ, ನಡಿಗೆ ಯಾವುದಕ್ಕೂ ಜಗ್ಗದ, ಹುಟ್ಟಿನಿಂದಲೇ ಬರುವ ಈ ಕಣ ನೂರರಲ್ಲಿ ಸುಮಾರು 25 ಭಾರತೀಯರಲ್ಲಿ ಹೆಚ್ಚಿರುತ್ತದೆ. ಕಣ್ಣಿನ ರೆಪ್ಪೆಯ ಬಳಿ ಹಳದಿ ಗುಳ್ಳೆ, ಹಿಮ್ಮಡಿಯ ಸ್ನಾಯುರಜ್ಜುವಿನ ಮೇಲೆ ಗಂಟು ಕಂಡವರು, ಅಪ್ಪನೋ ಚಿಕ್ಕಪ್ಪನೋ ಐವತ್ತರೊಳಗೆ ಹೃದಯಾಘಾತದಿಂದ ಹೋದ ಮನೆಯವರು ತಡ ಮಾಡಬಾರದು. ವಂಶದ ದೋಷ ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಅಂಥ ಮನೆಯಲ್ಲಿ ಒಬ್ಬರ ವರದಿ ಬಂದ ಕೂಡಲೇ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರ ರಕ್ತವನ್ನೂ ಪರೀಕ್ಷಿಸಬೇಕು. ಹತ್ತರ ವಯಸ್ಸಿನ ಮಗುವಿಗೂ ಈ ಮಾತು ಅನ್ವಯಿಸುತ್ತದೆ.